ಪ್ರಸವಕಾಲದ ಶಿಶುಹಾನಿಯೂ ಪರಿಹಾರದ ವ್ಯವಹಾರವೂ: ತೆಂಗಿನ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಸೂಲಗಿತ್ತಿ ಎಂಬುದು ಅಚ್ಚ ಕನ್ನಡದ ಮಾತು. ಸೂಲ್ ಎಂದರೆ ಬಸಿರು, ಹೆರಿಗೆ. ಸರದಿ ಎಂಬ ಅರ್ಥದ ಹಳಗನ್ನಡದ ಸೂೞ್ ಶಬ್ದವು ಬೇರೆ, ಇದು ಬೇರೆ. ತುಮಕೂರು ಜಿಲ್ಲೆಯ ಪಶ್ಚಿಮ ಭಾಗವಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಮಾತು ಇನ್ನೂ ಮುದುಕಿಯರ ಬಾಯಲ್ಲಿ ಉಳಿದಿದೆ. ಅದು ಹೆಸರಿಸುವ ವೃತ್ತಿಯಾದರೋ ಬಹುಮಟ್ಟಿಗೆ ಅಳಿದುಹೋಗಿದೆ. ಹೆರಿಗೆ ಮನೆಯ ಕತ್ತಲೆ ಕೋಣೆಯನ್ನು ಬಿಟ್ಟು ಆಸ್ಪತ್ರೆಯ ಮೇಜನ್ನು ಸೇರಿತು. ಈ ಬದಲಾವಣೆಯಿಂದ ಎಷ್ಟು ಜೀವಗಳು ಉಳಿದುವೆಂಬುದನ್ನು ಹೇಳುವವರು ಹಲವರಿದ್ದಾರೆ. ಪ್ರಕೃತ ಲೇಖನದ ವಿಷಯ ಅದಲ್ಲ. ಹೆರಿಗೆಯ ಕಾಲದಲ್ಲಿ ಹೆರಿಗೆ ಮಾಡಿಸುವವರ ತಪ್ಪಿನಿಂದ ಕೂಸಿಗೆ ಊನವಾದರೆ ಅದಕ್ಕೆ ಹೊಣೆ ಯಾರು, ಆ ಹೊಣೆಯನ್ನು ಯಾರ ಮುಂದೆ ಸ್ಥಾಪಿಸಬೇಕು, ಸ್ಥಾಪಿಸಿದರೆ ಕೂಸಿಗೆ ದೊರೆಯುವುದೇನು ಎಂಬ ಪ್ರಶ್ನೆಗಳು ನಮ್ಮಲ್ಲಿ ಎಂದಿನಿಂದ, ಯಾವ ರೂಪದಲ್ಲಿ ಬಂದುವು ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

ವೈದ್ಯನ ತಪ್ಪಿಗೆ ದಂಡವೆಂಬುದು ಪಾಶ್ಚಾತ್ಯರಿಂದ ಬಂದ ಕಲ್ಪನೆಯೆಂದು ಭಾವಿಸುವವರುಂಟು. ಅದು ಸರಿಯಲ್ಲ. ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ಬಂದ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಮೊದಲ ಅಧ್ಯಾಯವನ್ನು ನೋಡಬೇಕು. ಪ್ರಾಣಕ್ಕೆ ಅಪಾಯವಿರುವ ಚಿಕಿತ್ಸೆಯನ್ನು ಮುಂದಾಗಿ ತಿಳಿಸದೆ ಆರಂಭಿಸಿ, ರೋಗಿಯು ಸತ್ತರೆ ವೈದ್ಯನಿಗೆ ಪ್ರಥಮ ಸಾಹಸದಂಡ. ಕೆಲಸದ ತಪ್ಪಿನಿಂದಲೇ ಸತ್ತರೆ ಮಧ್ಯಮ ದಂಡ. ಮರ್ಮಸ್ಥಾನಕ್ಕೆ ಊನವಾದರೆ ಅದನ್ನು ಹೊಡೆತದ ಅಪರಾಧದಂತೆಯೇ ಎಣಿಸಬೇಕೆಂದು ಅಲ್ಲಿ ವಿಧಿಸಿದೆ. ತಿಳಿಸದಿರುವುದು ಒಂದು ದೋಷ, ಕೈತಪ್ಪುವುದು ಇನ್ನೊಂದು ದೋಷ, ಎಂಬ ಈ ವಿಭಾಗವು ಸೂಕ್ಷ್ಮವಾದುದು. ಇಪ್ಪತ್ತೊಂದನೆಯ ಶತಮಾನದ ನ್ಯಾಯಾಲಯಗಳೂ ಈ ಎರಡನ್ನು ಬೇರೆಬೇರೆಯಾಗಿಯೇ ವಿಚಾರಿಸುತ್ತವೆ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ಮಿಥ್ಯಾಚಾರಿಯಾದ ಭಿಷಜನಿಗೆ ದಂಡವುಂಟು. ಪಶುಪಕ್ಷಿಗಳ ವಿಷಯದಲ್ಲಿ ಪ್ರಥಮ, ಮನುಷ್ಯರ ವಿಷಯದಲ್ಲಿ ಮಧ್ಯಮ, ರಾಜಪುರುಷರ ವಿಷಯದಲ್ಲಿ ಉತ್ತಮ. ಉತ್ತಮವೆಂದರೆ ೧೦೮೦ ಪಣ, ಮಧ್ಯಮ ೫೪೦, ಪ್ರಥಮ ೨೭೦. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನಾದ್ದರಿಂದ, ಕನ್ನಡನಾಡಿನ ಪಂಡಿತರಿಗೆ ಈ ವಚನವು ಒಂಬೈನೂರು ವರ್ಷಗಳ ಕೆಳಗೆಯೇ ಪರಿಚಿತವಾಗಿತ್ತೆಂದು ಹೇಳಬಹುದು. ಆದರೆ ಇಲ್ಲಿ ಓದುಗರು ಒಂದನ್ನು ಗಮನಿಸಬೇಕು. ಈ ಪಣಗಳೆಲ್ಲ ಅರಸನ ಬೊಕ್ಕಸಕ್ಕೆ ಸಲ್ಲತಕ್ಕವು. ಮನುಷ್ಯನಿಗಿಂತ ರಾಜಪುರುಷನಿಗೆ ಇಮ್ಮಡಿ ಬೆಲೆಯಿರುವುದನ್ನು ಬಿಟ್ಟರೂ, ಊನವಾದವನಿಗೆ ಅದರಲ್ಲಿ ಪಾಲಿದೆಯೆಂದು ಈ ವಚನ ಹೇಳುವುದಿಲ್ಲ. ದಂಡ ಬೇರೆ, ಪರಿಹಾರ ಬೇರೆ. ನಮ್ಮ ವಿಷಯದ ಚರಿತ್ರೆಯೆಲ್ಲ ಈ ಎರಡು ಮಾತುಗಳ ನಡುವಣ ದೂರದಲ್ಲಿಯೇ ಇದೆ.

ವೈದ್ಯಗ್ರಂಥಗಳ ಸಾಕ್ಷಿಯೂ ಸ್ವಾರಸ್ಯವಾಗಿದೆ. ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಮೂಢಗರ್ಭವನ್ನು, ಎಂದರೆ ಅಡ್ಡಬಿದ್ದು ಸಿಕ್ಕಿಕೊಂಡ ಗರ್ಭವನ್ನು, ಹೊರತೆಗೆಯುವುದಕ್ಕಿಂತ ಕಷ್ಟತರವಾದ ಶಲ್ಯಕರ್ಮವಿಲ್ಲವೆಂದು ಹೇಳಿ, ಅಧಿಪತಿಯ ಅನುಮತಿಯನ್ನು ಪಡೆದೇ ಅದಕ್ಕೆ ಕೈಯಿಡಬೇಕೆಂದು ವಿಧಿಸುತ್ತಾನೆ. ಚರಕನು ಶಾರೀರಸ್ಥಾನದಲ್ಲಿ ಹುಟ್ಟಿದೊಡನೆ ಅಳದ ಕೂಸಿನ ಕಿವಿಯ ಬುಡದಲ್ಲಿ ಕಲ್ಲುಗಳನ್ನು ತಟ್ಟಿ ಸದ್ದುಮಾಡಬೇಕು, ಮುಖಕ್ಕೆ ತಣ್ಣೀರನ್ನೋ ಬಿಸಿನೀರನ್ನೋ ಎರಚಬೇಕು, ಮೊರದಿಂದ ಗಾಳಿ ಬೀಸಬೇಕು ಎನ್ನುತ್ತಾನೆ. ಕನ್ನಡದಲ್ಲಿ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವಿದೆ. ಸುಮಾರು ೧೨೦೦ರಲ್ಲಿದ್ದ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯಿದೆ. ಈ ಎರಡನೆಯ ಹೆಸರೇ ನಮ್ಮ ವಿಷಯಕ್ಕೆ ಬೆಳಕು ಬೀರುತ್ತದೆ. ಕೂಸಿನ ಕೈಕಾಲು ಸೆಟೆದುಕೊಂಡರೆ, ಕಣ್ಣು ಮೇಲಾದರೆ ಅದು ಗ್ರಹದ ಬಾಧೆ. ಗ್ರಹವೇ ಕಾರಣವಾದ ಮೇಲೆ ಹಿಡಿದ ಕೈಯನ್ನು ಯಾರು ಪ್ರಶ್ನಿಸುವರು? ದೂರು ಹುಟ್ಟಬೇಕಾದರೆ ಮೊದಲು ಕಾರಣವು ದೇವಲೋಕದಿಂದ ಮನುಷ್ಯರ ಕೈಗೆ ಇಳಿಯಬೇಕು.

ಶಾಸನಗಳಲ್ಲಿ ಆರೋಗ್ಯಶಾಲೆಗಳ ಉಲ್ಲೇಖ ವಿರಳವಲ್ಲ. ಬಳ್ಳಿಗಾವೆಯ ಕೋಡಿಯಮಠದಲ್ಲಿ ಅನಾಥ ರೋಗಿಗಳಿಗೆ ಔಷಧವಿತ್ತೆಂದು ೧೧೬೨ರ ಶಾಸನದಿಂದ ತಿಳಿದಿದೆ. ಆಂಧ್ರದೇಶದ ಮಲ್ಕಾಪುರದ ೧೨೬೧ರ ಶಾಸನವು ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಯನ್ನೂ ಬೇರೆಯಾಗಿ ಹೆಸರಿಸುತ್ತದೆ. ಇವುಗಳಲ್ಲಿ ಸೇವೆಯು ದಾನವಾಗಿತ್ತು, ಧರ್ಮವಾಗಿತ್ತು. ದಾನವಾಗಿ ಬಂದುದರಲ್ಲಿ ಲೋಪವನ್ನೆಣಿಸುವುದು ಕೃತಘ್ನತೆಯೆಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಈ ಭಾವನೆ ಮುಂದೆ ಕಾಯಿದೆಯ ರೂಪದಲ್ಲಿಯೇ ತಲೆಯೆತ್ತಿದ್ದನ್ನು ಆಮೇಲೆ ನೋಡುವೆವು.

ಇನ್ನು ತೆಂಗಿನ ಸೀಮೆಗೆ ಬರೋಣ. ಇಲ್ಲಿ ಸೂಲಗಿತ್ತಿಗೆ ಸಲ್ಲುತ್ತಿದ್ದುದು ಕೂಲಿಯಲ್ಲ, ಮರ್ಯಾದೆ: ಮೊರದ ತುಂಬ ಅಕ್ಕಿ, ಕಾಯಿ, ಎಲೆಯಡಕೆ, ಅನುಕೂಲವಿದ್ದವರ ಮನೆಯಲ್ಲಿ ಸೀರೆ. ಅವಳು ಊರಿನವಳು, ಹುಟ್ಟಿದ ಮಗುವಿಗೆ ಅಜ್ಜಿಯ ಸಮಾನ. ಕೂಸು ಕುಂಟಾದರೆ ಅವಳೂ ಅತ್ತಾಳು; ಅವಳ ಮೇಲೆ ದೂರು ಹೇಳುವುದಕ್ಕೆ ಯಾವ ಕಟ್ಟೆಯೂ ಇರಲಿಲ್ಲ. ಹೆಸರು ಕೆಟ್ಟರೆ ಮುಂದಿನ ಮನೆಯವರು ಕರೆಯದಿರಬಹುದು, ಅಷ್ಟೇ ಶಿಕ್ಷೆ. ಇದನ್ನು ಹೇಳುವಾಗ ಆ ಹೆಂಗಸರ ನೈಪುಣ್ಯವನ್ನು ಕಿರಿದುಮಾಡುವ ಇಚ್ಛೆ ನಮಗಿಲ್ಲ. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಎಪ್ಪತ್ತು ವರ್ಷಗಳ ಕಾಲ ಫಲಾಪೇಕ್ಷೆಯಿಲ್ಲದೆ ಹದಿನೈದು ಸಾವಿರಕ್ಕೂ ಮಿಗಿಲಾಗಿ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧರಾಗಿ, ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಡಿಸೆಂಬರ್ ೨೫ರಂದು ತೀರಿಕೊಂಡರು. ಅಕ್ಷರವರಿಯದ ಆಕೆಯ ಕೈಗಳಲ್ಲಿದ್ದ ವಿದ್ಯೆ ದೊಡ್ಡದು. ಆದರೆ ಆ ವಿದ್ಯೆ ಬರಹದಲ್ಲಿ ಉಳಿಯಲಿಲ್ಲ. ಅವರ ಕೈಯಲ್ಲಿ ಹುಟ್ಟಿದ ಒಂದೊಂದು ಕೂಸಿನ ಹುಟ್ಟು ಹೇಗಾಯಿತೆಂಬುದೂ ಉಳಿಯಲಿಲ್ಲ.

ಬರಹವು ಬಂದುದು ಆಸ್ಪತ್ರೆಯೊಡನೆ. ೧೮೮೫ರಲ್ಲಿ ಲೇಡಿ ಡಫರಿನ್ ನಿಧಿ ಸ್ಥಾಪಿತವಾಗಿ ಸ್ತ್ರೀಯರಿಗೆ ಸ್ತ್ರೀವೈದ್ಯರನ್ನು ಒದಗಿಸುವ ಪ್ರಯತ್ನ ನಡೆಯಿತು. ೧೯೦೩ರ ವಿಕ್ಟೋರಿಯಾ ಸ್ಮಾರಕ ನಿಧಿಯು ಸೂಲಗಿತ್ತಿಯರಿಗೆ ಶಿಕ್ಷಣ ಕೊಡಲು ಹೊರಟಿತು. ಮೈಸೂರು ಸಂಸ್ಥಾನದಲ್ಲಿ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಹೋಯಿತು. ೧೯೩೫ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ರೈಲುದಾರಿಯು ತಿಪಟೂರಿನ ಮೇಲೆಯೇ ಹಾಯುವುದರಿಂದ ಆ ಊರಿನವರಿಗೆ ಬೆಂಗಳೂರು ಎಟುಕುತ್ತಿತ್ತು. ತುರುವೇಕೆರೆಯವರು ಬಾಣಸಂದ್ರಕ್ಕೆ ಬಂದು ರೈಲು ಹತ್ತಬೇಕು. ಚಿಕ್ಕನಾಯಕನಹಳ್ಳಿಯವರಿಗೆ ಅದೂ ದೂರವೇ. ನೋವೆದ್ದ ಹೆಂಗಸಿಗೆ ಈ ದೂರದ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇದೇ ಕಾಲಕ್ಕೆ ಯೂರೋಪಿನಲ್ಲಿ ಕಾರಣವು ಗ್ರಹದಿಂದ ಕೈಗೆ ಇಳಿದಿತ್ತು. ೧೮೬೧ರಲ್ಲಿ ವಿಲಿಯಂ ಜಾನ್ ಲಿಟ್ಲ್ ಎಂಬ ವೈದ್ಯನು ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಒಂದು ಪ್ರಬಂಧವನ್ನೋದಿ, ಕಷ್ಟಪ್ರಸವ, ಅಕಾಲಪ್ರಸವ, ಹುಟ್ಟುವಾಗಿನ ಉಸಿರುಕಟ್ಟು ಇವುಗಳಿಗೂ ಮಕ್ಕಳ ಕೈಕಾಲುಗಳ ಸೆಡೆತಕ್ಕೂ ಸಂಬಂಧವುಂಟೆಂದು ಪ್ರತಿಪಾದಿಸಿದನು. ಈಗ ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ವೈಕಲ್ಯವೇ ಅದು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಾಗ ತಲೆಯನ್ನು ಬಲವಾಗಿ ಎಳೆದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಹಿಂಜಿ ತೋಳು ಜೋತುಬೀಳುವುದನ್ನು ಫ್ರಾನ್ಸಿನ ಡುಷೇನ್, ಜರ್ಮನಿಯ ಎರ್ಬ್ ೧೮೭೦ರ ದಶಕದಲ್ಲಿ ವರ್ಣಿಸಿದರು. ಆದರೆ ೧೮೯೭ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಮನಶ್ಶಾಸ್ತ್ರಕ್ಕೆ ಹೆಸರಾಗುವ ಮುಂಚೆ, ಲಿಟ್ಲನ ಮಾತಿಗೆ ತಡೆಯೊಡ್ಡಿದನು: ಕಷ್ಟಪ್ರಸವವೇ ಕಾರಣವೋ, ಅಥವಾ ಗರ್ಭದಲ್ಲಿಯೇ ಮೊದಲಾದ ಬೇರೊಂದು ದೋಷದ ಫಲವಾಗಿ ಪ್ರಸವವೂ ಕಷ್ಟವಾಯಿತೋ? ಈ ಪ್ರಶ್ನೆ ಈವರೆಗೂ ನ್ಯಾಯಾಲಯಗಳನ್ನು ಬಿಟ್ಟಿಲ್ಲ. ಸೆರೆಬ್ರಲ್ ಪಾಲ್ಸಿಯ ಬಹುಪಾಲು ಪ್ರಸಂಗಗಳು ಹೆರಿಗೆಯ ಗಳಿಗೆಯ ಉಸಿರುಕಟ್ಟಿನಿಂದ ಆದುವಲ್ಲವೆಂದು ತಜ್ಞರು ಈಗ ಒಪ್ಪಿದ್ದಾರೆ. ವೈದ್ಯರಿಗೆ ಇದು ಸಮಾಧಾನದ ಮಾತು. ನಿಜವಾಗಿಯೂ ಆ ಗಳಿಗೆಯಲ್ಲಿಯೇ ಹಾನಿಗೊಂಡ ಕೂಸಿಗೆ ಮಾತ್ರ ಕಷ್ಟದ ಮಾತು, ಏಕೆಂದರೆ ತಾನು ಆ ಅಲ್ಪಸಂಖ್ಯೆಗೆ ಸೇರಿದವನೆಂದು ತೋರಿಸುವ ಹೊರೆ ಅದರ ಮೇಲೆಯೇ ಬೀಳುತ್ತದೆ.

ಇಂಗ್ಲೆಂಡಿನಲ್ಲಿ ೧೯೭೦ರಲ್ಲಿ ಇಕ್ಕಳ ಹಾಕಿ ಹೆರಿಗೆ ಮಾಡಿಸಲು ಯತ್ನಿಸಿದ ವೈದ್ಯನೊಬ್ಬನ ಮೇಲೆ, ಮಿದುಳಿಗೆ ಹಾನಿಯಾಗಿ ಹುಟ್ಟಿದ ಕೂಸಿನ ಪರವಾಗಿ ದಾವೆ ನಡೆಯಿತು. ಹೆಚ್ಚು ಬಲವಾಗಿ, ಹೆಚ್ಚು ಹೊತ್ತು ಎಳೆದನೆಂಬುದು ಆಪಾದನೆ. ವಿಚಾರಣೆಯ ನ್ಯಾಯಾಧೀಶನು ಕೂಸಿನ ಪರವಾಗಿ ತೀರ್ಪು ಕೊಟ್ಟನು. ಮೇಲಿನ ನ್ಯಾಯಾಲಯವು ಅದನ್ನು ತಳ್ಳಿತು. ೧೯೮೦ರಲ್ಲಿ ಪ್ರಭುಸಭೆಯೂ ತಪ್ಪು ಸಾಬೀತಾಗಲಿಲ್ಲವೆಂದಿತು. ಎಷ್ಟು ಬಲವಾಗಿ ಎಳೆದರೆಂಬುದಕ್ಕೆ ಸಾಕ್ಷಿಯೇನು? ತಾಯಿಯ ನೆನಪು, ವೈದ್ಯನ ನೆನಪು, ಆಸ್ಪತ್ರೆಯ ಕೆಲವು ಸಾಲುಗಳ ಬರಹ. ೨೦೧೫ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಸ್ಕಾಟ್ಲೆಂಡಿನ ಇನ್ನೊಂದು ಮೊಕದ್ದಮೆಯಲ್ಲಿ ಬೇರೊಂದು ದಾರಿಯನ್ನು ಹಿಡಿಯಿತು. ಮಧುಮೇಹವುಳ್ಳ ತಾಯಿಗೆ ಕೂಸಿನ ಭುಜ ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ ಒಂಬತ್ತು ಹತ್ತರಷ್ಟಿದೆಯೆಂಬುದನ್ನು ಹೇಳದಿದ್ದುದೇ ದೋಷವೆಂದು ತೀರ್ಮಾನಿಸಿತು. ಕೌಟಿಲ್ಯನ ಮೊದಲ ವಿಭಾಗ ಇದೇ ಅಲ್ಲವೆ?

ಭಾರತದಲ್ಲಿ ೧೮೬೦ರ ದಂಡಸಂಹಿತೆಗೆ ೧೮೭೦ರಲ್ಲಿ ಸೇರಿದ ೩೦೪-ಎ ಕಲಮು ಅಜಾಗರೂಕತೆಯಿಂದಾದ ಮರಣಕ್ಕೆ ಶಿಕ್ಷೆ ವಿಧಿಸಿತು. ೨೦೨೪ರ ಜುಲೈಯಿಂದ ಭಾರತೀಯ ನ್ಯಾಯಸಂಹಿತೆಯ ೧೦೬ನೆಯ ಕಲಮು ಅದರ ಸ್ಥಾನದಲ್ಲಿದೆ. ಇದೂ ಯಾಜ್ಞವಲ್ಕ್ಯನ ದಂಡದ ಸಂತಾನವೇ. ಬದುಕುಳಿದು ನಡೆಯಲಾರದ ಕೂಸಿಗೆ ಇದರಿಂದ ಒಂದು ಊರುಗೋಲೂ ಬರದು. ಪರಿಹಾರಕ್ಕೆ ಸಿವಿಲ್ ದಾವೆಯೊಂದೇ ಗತಿಯಾಗಿತ್ತು. ಅದು ಎಂತಹ ಗತಿಯೆಂಬುದಕ್ಕೆ ಔರಂಗಾಬಾದಿನ ಒಂದು ನಿದರ್ಶನ ಸಾಕು. ೧೯೬೩ರ ಜುಲೈಯಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಹೆಂಗಸೊಬ್ಬಳಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿದಾಗ ಬಟ್ಟೆಯ ತುಂಡೊಂದು ಹೊಟ್ಟೆಯಲ್ಲಿಯೇ ಉಳಿದು ಅವಳು ಸತ್ತಳು. ಸರ್ಕಾರವು ಹೊಣೆಯೆಂದು ಸುಪ್ರೀಂ ಕೋರ್ಟು ಹೇಳಿದ್ದು ೧೯೯೬ರಲ್ಲಿ. ಉಳಿದ ಮೊತ್ತ ೩೬,೦೦೦ ರೂಪಾಯಿ. ಮೂವತ್ತಮೂರು ವರ್ಷ! ಆದರೂ ಸರ್ಕಾರಿ ಆಸ್ಪತ್ರೆಯನ್ನು ನಡೆಸುವುದು ರಾಜಾಧಿಕಾರದ ಕಾರ್ಯವಲ್ಲ, ಆದ್ದರಿಂದ ಸರ್ಕಾರವು ನುಣುಚಿಕೊಳ್ಳಲಾರದು ಎಂಬ ತತ್ತ್ವವು ಅದರಿಂದ ದೃಢವಾಯಿತು.

೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಜಿಲ್ಲೆಗೊಂದು ವೇದಿಕೆಯನ್ನು ಕೊಟ್ಟಿತು. ವೈದ್ಯಸೇವೆ ಅದಕ್ಕೆ ಒಳಪಡುವುದೋ ಎಂಬ ವಾದವು ೧೯೯೫ರ ನವೆಂಬರಿನಲ್ಲಿ ಭಾರತೀಯ ವೈದ್ಯಸಂಘದ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ಹಣ ಪಡೆದು ಮಾಡಿದ ಚಿಕಿತ್ಸೆ ಒಳಪಡುತ್ತದೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಮಾಡುವ ಕಡೆಯೂ ಒಳಪಡುತ್ತದೆ. ಎಲ್ಲರಿಗೂ ಪೂರ್ಣವಾಗಿ ಉಚಿತವಾದ ಕಡೆ ಒಳಪಡದು. ಮೇಲೆ ಹೇಳಿದ ದಾನದ ಭಾವನೆ ಇಲ್ಲಿ ಕಾಯಿದೆಯಾಗಿ ಬಂದಿದೆ. ಇದರ ಪರಿಣಾಮ ತೆಂಗಿನ ಸೀಮೆಯಲ್ಲಿ ಹೀಗಾಗುತ್ತದೆ: ಒಂದೇ ಬಗೆಯ ತಪ್ಪಿನಿಂದ ಒಂದೇ ಬಗೆಯ ಊನಕ್ಕೊಳಗಾದ ಎರಡು ಕೂಸುಗಳಲ್ಲಿ, ಹಣ ತೆತ್ತು ಖಾಸಗಿ ಆಸ್ಪತ್ರೆಯಲ್ಲಿ ಹುಟ್ಟಿದುದಕ್ಕೆ ತುಮಕೂರಿನ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ; ಪೂರ್ಣ ಉಚಿತವಾದ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಬಡವರ ಕೂಸಿಗೆ ಸಿವಿಲ್ ನ್ಯಾಯಾಲಯದ ಉದ್ದದ ದಾರಿಯೋ ಹೈಕೋರ್ಟಿನ ದಾರಿಯೋ ಉಳಿಯುತ್ತದೆ. ಸರ್ಕಾರವು ಉಚಿತ ಹೆರಿಗೆಯನ್ನು ಹಕ್ಕೆಂದು ಸಾರಿರುವ ಕಾಲದಲ್ಲಿ ಈ ಭೇದಕ್ಕೆ ನ್ಯಾಯವೆಲ್ಲಿದೆಯೋ ನಮಗೆ ತೋರದು.

ಕೂಸಿಗೆ ತನ್ನದೇ ಆದ ಹಕ್ಕುಂಟೆಂಬುದು ೧೯೯೮ರಲ್ಲಿ ಸ್ಪಷ್ಟವಾಯಿತು. ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಮಗುವೂ ಗ್ರಾಹಕ, ತಂದೆತಾಯಿಗಳೂ ಗ್ರಾಹಕರು ಎಂದು ಸುಪ್ರೀಂ ಕೋರ್ಟು ಹೇಳಿ, ಮಗುವಿಗೆ ೧೨.೫ ಲಕ್ಷವನ್ನೂ ತಂದೆತಾಯಿಗಳ ಸಂಕಟಕ್ಕೆ ಬೇರೆಯಾಗಿ ೫ ಲಕ್ಷವನ್ನೂ ಎತ್ತಿಹಿಡಿಯಿತು. ಅದು ಹೆರಿಗೆಯ ವಿಷಯವಲ್ಲ, ತಪ್ಪಾದ ಚುಚ್ಚುಮದ್ದಿನ ವಿಷಯ. ಆದರೆ ತತ್ತ್ವ ಒಂದೇ. ನವಜಾತರ ವಿಷಯದಲ್ಲಿ ಮುಖ್ಯವಾದುದು ೨೦೧೫ರ ತೀರ್ಪು. ೧೯೯೬ರಲ್ಲಿ ಚೆನ್ನೈಯ ಎಳುಂಬೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ೨೯ನೆಯ ವಾರಕ್ಕೇ ಹುಟ್ಟಿದ, ೧,೨೫೦ ಗ್ರಾಂ ತೂಕದ ಹೆಣ್ಣುಕೂಸಿನ ಕಣ್ಣುಗಳನ್ನು ಪರೀಕ್ಷಿಸಲಿಲ್ಲ, ಪರೀಕ್ಷಿಸಬೇಕೆಂದು ತಂದೆತಾಯಿಗಳಿಗೆ ತಿಳಿಸಲೂ ಇಲ್ಲ. ಅಕಾಲದಲ್ಲಿ ಹುಟ್ಟಿದ ಶಿಶುಗಳ ಅಕ್ಷಿಪಟಲಕ್ಕೆ ಬರುವ, ಕಾಲಕ್ಕೆ ಸರಿಯಾಗಿ ನೋಡಿದರೆ ತಡೆಯಬಹುದಾದ ರೋಗದಿಂದ ಅದು ಕುರುಡಾಯಿತು. ರಾಷ್ಟ್ರೀಯ ಆಯೋಗವು ಕೊಟ್ಟುದು ೫ ಲಕ್ಷ. ಸುಪ್ರೀಂ ಕೋರ್ಟು ಮುಂದಿನ ಬಾಳಿಗೆ ಬೇಕಾಗುವ ಚಿಕಿತ್ಸೆಯನ್ನೂ ಬೆಲೆಗಳ ಏರಿಕೆಯನ್ನೂ ಲೆಕ್ಕಹಾಕಿ ೧ ಕೋಟಿ ೩೮ ಲಕ್ಷವನ್ನು, ಆವರೆಗಿನ ಖರ್ಚಿಗೆ ೪೨ ಲಕ್ಷಕ್ಕೂ ಮಿಕ್ಕಿದ ಹಣವನ್ನು ಕೊಡಿಸಿತು. ೨೦೧೯ರಲ್ಲಿ ಇದೇ ರೋಗದ ಇನ್ನೊಂದು ಮೊಕದ್ದಮೆಯಲ್ಲಿ ದೆಹಲಿಯ ಆಸ್ಪತ್ರೆಯೊಂದು ೭೬ ಲಕ್ಷ ತೆರಬೇಕಾಯಿತು. ೫೪೦ ಪಣಗಳಿಂದ ಇಲ್ಲಿಗೆ ಬಂದಿದ್ದೇವೆ; ಮೊತ್ತಕ್ಕಿಂತ ಮುಖ್ಯವಾದುದು ಅದು ಸಲ್ಲುವ ಕೈ ಬದಲಾದುದು.

೨೦೧೯ರ ಹೊಸ ಗ್ರಾಹಕ ಕಾಯಿದೆಯು ೨೦೨೦ರ ಜುಲೈಯಲ್ಲಿ ಜಾರಿಗೆ ಬಂದಾಗ, ದೂರುಗಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂದಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೂಸಿಗೆ ಹಾನಿಯಾದ ಚಿಕ್ಕನಾಯಕನಹಳ್ಳಿಯ ಮನೆಯವರು ಈಗ ತುಮಕೂರಿನಲ್ಲಿಯೇ ದೂರಿಡಬಹುದು. ಕೊಬ್ಬರಿಯ ಸಂಸಾರಗಳಿಗೆ ಇದು ಸಣ್ಣ ಅನುಕೂಲವಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಒಣಗಲು ಹತ್ತು ಹನ್ನೊಂದು ತಿಂಗಳು ಬೇಕು. ಅದು ತಿಪಟೂರಿನ ಮಾರುಕಟ್ಟೆಗೆ ಹೋಗುವವರೆಗೆ ಮನೆಯಲ್ಲಿ ಕೈಹಣವಿರುವುದಿಲ್ಲ. ವಾಯಿದೆಗೊಮ್ಮೆ ರಾಜಧಾನಿಗೆ ಹೋಗಿಬರುವ ಖರ್ಚೇ ಎಷ್ಟೋ ದೂರುಗಳನ್ನು ಹುಟ್ಟುವ ಮೊದಲೇ ಕೊಂದಿರಬೇಕು.

ಎಲ್ಲ ಪ್ರಸಂಗಗಳೂ ಚಿಕಿತ್ಸೆಯ ತಪ್ಪಿನಿಂದಲೇ ಆಗುವುದಿಲ್ಲ. ಬಾಗಿಲು ಮುಚ್ಚುವುದರಿಂದಲೂ ಆಗುತ್ತವೆ. ೨೦೨೨ರ ನವೆಂಬರಿನಲ್ಲಿ ತುಮಕೂರಿನಲ್ಲಿ ನೋವಿನಿಂದ ಜಿಲ್ಲಾ ಆಸ್ಪತ್ರೆಗೆ ಹೋದ ಬಡ ಹೆಂಗಸೊಬ್ಬಳನ್ನು ತಾಯಿ ಕಾರ್ಡು, ಆಧಾರ್ ಕಾರ್ಡು ಇಲ್ಲವೆಂದು ಹಿಂದಕ್ಕೆ ಕಳುಹಿಸಿದರೆಂಬ ಆಪಾದನೆ ಬಂದಿತು. ಆಕೆ ಮನೆಯಲ್ಲಿ ಅವಳಿ ಗಂಡುಕೂಸುಗಳನ್ನು ಹೆತ್ತಳು. ತಾಯಿಯೂ ಎರಡು ಕೂಸುಗಳೂ ಸತ್ತುವು. ಕೆಲಸದಲ್ಲಿದ್ದ ವೈದ್ಯೆಯನ್ನೂ ಮೂವರು ದಾದಿಯರನ್ನೂ ಅಮಾನತಿನಲ್ಲಿಟ್ಟರು. ತಾಯಿಯ ರಕ್ಷಣೆಗೆಂದು ಮಾಡಿದ ಚೀಟಿಯೇ ಅವಳನ್ನು ಹೊರಗಿಡುವ ಅಗುಳಿಯಾದೀತೆಂದು ಅದನ್ನು ಕಲ್ಪಿಸಿದವರು ಎಣಿಸಿರಲಾರರು.

ಈ ಚೀಟಿಗಳ ವಿಷಯವೇ ನಮ್ಮ ವಿಚಾರದ ತಿರುಳು. ಹೆರಿಗೆಯಲ್ಲಿ ನಿರ್ಲಕ್ಷ್ಯವಾಯಿತೋ ಇಲ್ಲವೋ ಎಂಬುದನ್ನು ತೋರಿಸುವ ವಸ್ತುಗಳು ಕೆಲವೇ: ಗಂಟೆಗಂಟೆಗೂ ಹೆರಿಗೆಯ ಮುನ್ನಡೆಯನ್ನೂ ಕೂಸಿನ ಎದೆಬಡಿತವನ್ನೂ ಗುರುತಿಸುವ ಪಾರ್ಟೋಗ್ರಾಫ್ ಎಂಬ ನಕ್ಷೆ, ವರ್ಜೀನಿಯಾ ಆಪ್ಗಾರ್ ೧೯೫೩ರಲ್ಲಿ ಪ್ರಕಟಿಸಿದ ಕ್ರಮದಂತೆ ಹುಟ್ಟಿದ ಕೂಸಿನ ಬಣ್ಣ, ನಾಡಿ, ಉಸಿರು ಮೊದಲಾದ ಐದಕ್ಕೆ ಕೊಟ್ಟ ಅಂಕಗಳು, ದಾದಿಯ ಟಿಪ್ಪಣಿ. ನಮ್ಮ ಸೀಮೆಯ ಪದ್ಧತಿಯಿಂದ ಇಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಸಿರಿನ ಮೊದಲ ತಿಂಗಳುಗಳ ಬರಹ ಗಂಡನ ಊರಿನ ಆರೋಗ್ಯಕೇಂದ್ರದಲ್ಲಿ, ಹೆರಿಗೆಯ ಬರಹ ತವರಿನ ತಾಲ್ಲೂಕಿನ ಆಸ್ಪತ್ರೆಯಲ್ಲಿ, ಅಲ್ಲಿಂದ ಮುಂದಕ್ಕೆ ಕಳುಹಿಸಿದರೆ ಮೂರನೆಯದು ತುಮಕೂರಿನಲ್ಲಿ. ಈ ಮೂರನ್ನೂ ಒಟ್ಟುಗೂಡಿಸಿದ ಹೊರತು ಯಾವ ಘಟ್ಟದಲ್ಲಿ ತಡವಾಯಿತೆಂಬುದು ತಿಳಿಯದು.

ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಗಳಂತೆ ಒಳರೋಗಿಯ ದಾಖಲೆಗಳನ್ನು ವೈದ್ಯನು ಮೂರು ವರ್ಷ ಕಾಪಾಡಬೇಕು. ಕೇಳಿದವರಿಗೆ ೭೨ ಗಂಟೆಗಳೊಳಗೆ ಕೊಡಬೇಕು. ಇತ್ತ ಗ್ರಾಹಕ ಆಯೋಗದಲ್ಲಿ ದೂರು ಕೊಡುವ ಅವಧಿ ಎರಡು ವರ್ಷ. ೧೯೬೩ರ ಕಾಲಮಿತಿ ಕಾಯಿದೆಯಾದರೋ ಅಪ್ರಾಪ್ತವಯಸ್ಕನಿಗೆ ಉದಾರವಾಗಿದೆ: ಹದಿನೆಂಟು ತುಂಬಿದ ಮೇಲೆ, ಹೆಚ್ಚೆಂದರೆ ಮೂರು ವರ್ಷದೊಳಗೆ, ಅವನು ಸ್ವತಃ ಸಿವಿಲ್ ದಾವೆ ಹೂಡಬಹುದು. ಈ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೂಸು ತಲೆ ನಿಲ್ಲಿಸುವುದಿಲ್ಲವೆಂದು ತಾಯಿಗೆ ಅನುಮಾನ ಬರುವುದಕ್ಕೆ ಆರೇಳು ತಿಂಗಳು ಬೇಕು. ದೃಷ್ಟಿ ತೆಗೆದು, ಹರಕೆ ಹೊತ್ತು, ತಡವಾಗಿ ನಡೆದ ಮಕ್ಕಳ ಕಥೆಗಳನ್ನು ಕೇಳಿ, ಕಡೆಗೆ ತಜ್ಞರು ಹೆಸರಿಟ್ಟು ಹೇಳುವಷ್ಟರಲ್ಲಿ ಒಂದೂವರೆ ಎರಡು ವರ್ಷ ಕಳೆದಿರುತ್ತದೆ. ಮೂರು ವರ್ಷಕ್ಕೆ ಆಸ್ಪತ್ರೆಯು ಕಾಗದವನ್ನು ಇಟ್ಟುಕೊಳ್ಳಬೇಕೆಂಬ ಕಟ್ಟು ತೀರುತ್ತದೆ. ಹಕ್ಕು ಮಾತ್ರ ಇಪ್ಪತ್ತೊಂದರವರೆಗೆ ಬದುಕಿರುತ್ತದೆ, ಸಾಕ್ಷಿಯಿಲ್ಲದೆ.

ಇಂಗ್ಲೆಂಡಿನ ಇಕ್ಕಳದ ಮೊಕದ್ದಮೆಯಲ್ಲಿ ಕೆಲವು ಸಾಲುಗಳಾದರೂ ಇದ್ದುವು. ನಮ್ಮಲ್ಲಿ ಪ್ರತಿಯೊಂದು ಜನನಕ್ಕೂ ಬರಹವೊಂದು ಕಡ್ಡಾಯವಾಗಿ ಹುಟ್ಟುತ್ತದೆ: ೧೯೬೯ರ ಜನನ ಮರಣ ನೋಂದಣಿ ಕಾಯಿದೆಯ ಮೇರೆಗೆ ತುಂಬುವ ಜನನ ವರದಿಯ ನಮೂನೆ. ಅದರ ಒಂದು ಭಾಗದಲ್ಲಿ ಕೂಸಿನ ಹೆಸರು, ದಿನ, ಸ್ಥಳ, ತಂದೆತಾಯಿಗಳು. ಇನ್ನೊಂದು ಭಾಗದಲ್ಲಿ ಹೆರಿಗೆ ಮಾಡಿಸಿದವರು ವೈದ್ಯರೋ, ದಾದಿಯೋ, ಸೂಲಗಿತ್ತಿಯೋ, ಹೆರಿಗೆ ಸಹಜವೋ, ಶಸ್ತ್ರಚಿಕಿತ್ಸೆಯೋ, ಇಕ್ಕಳವೋ, ಕೂಸಿನ ತೂಕವೆಷ್ಟು, ಬಸಿರು ಎಷ್ಟು ವಾರದ್ದು. ಈ ಎರಡನೆಯ ಭಾಗವನ್ನು ಹರಿದು ಅಂಕಿಅಂಶಗಳ ಲೆಕ್ಕಕ್ಕೆ ಕಳುಹಿಸುತ್ತಾರೆ. ಮನೆಯವರ ಕೈಗೆ ಬರುವ ಜನನಪತ್ರದಲ್ಲಿ ಇರುವುದು ಮೊದಲನೆಯ ಭಾಗದ ವಿವರ ಮಾತ್ರ.